ಲಿಸ್ಬನ್‌ನಲ್ಲಿ ಸಂಜೆಯ ಹಾಯಿದೋಣಿ: ನದಿಗೆ ಐದು ಸ್ಟಾರ್, ತಿಂಡಿ ತಟ್ಟೆಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಜಾಸ್ತಿ. ಎರಡು ಗಂಟೆಗೆ 240 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಇಪ್ಪತ್ತನಾಲ್ಕು ಸಾವಿರ. ಆಯಿಗೆ ಈ ಲೆಕ್ಕ ಇವತ್ತಿಗೂ ಹೇಳಿಲ್ಲ (ನಾವು ಕುಮಟಾ ಕಡೆಯವರು, ಅಮ್ಮನಿಗೆ ಆಯಿ ಅಂತೀವಿ). "ಬೋಟಿಗೆ ಎಷ್ಟು ಕೊಟ್ಟೆ ಮಾಣಿ?" ಅಂತ ಮೂರು ಸಲ ಕೇಳಿದಳು, ಮೂರು ಸಲವೂ ನಾನು ಸೇತುವೆ ತೋರಿಸಿ ಮಾತು ತಿರುಗಿಸಿದೆ.

ನಾವು ಇರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ಆಯಿ ಮೂರು ತಿಂಗಳಿಗೆ ಅಂತ ಬಂದಿದ್ದಳು. ಅಕ್ಟೋಬರ್ ಮೊದಲ ವಾರ ಮಗಳಿಗೆ ರಜೆ ಹೊಂದಿಸಿಕೊಂಡು ಪೋರ್ಚುಗಲ್‌ನ ಲಿಸ್ಬನ್‌ಗೆ ಹೋದೆವು. ಅಲ್ಲಿ ತೇಜೊ ನದಿಯಲ್ಲಿ ಸಂಜೆ ಹಾಯಿದೋಣಿ ಪ್ರವಾಸ ಮಾಡಿಸುವವರು ಡಜನ್‌ಗಟ್ಟಲೆ ಇದ್ದಾರೆ. ಹೆಸರು ಬರೆಯುವುದು ತೇಜೊ, ಆದರೆ ಅವರು ಹೇಳುವಾಗ ಹತ್ತಿರ ಹತ್ತಿರ "ತೇಜು" ಅಂತಲೇ ಕೇಳುತ್ತದೆ. ನಮ್ಮ ಕಡೆ ಓಣಿಗೊಬ್ಬ ತೇಜು ಇರುತ್ತಾನಲ್ವಾ, ಮಗಳ ಕ್ಲಾಸಿನಲ್ಲೂ ಒಬ್ಬನಿದ್ದಾನೆ, ಹಾಗಾಗಿ ಅವಳಿಗೆ ಇಡೀ ಪ್ರವಾಸ ಅದೇ ಜೋಕು.

ಹಂಚಿಕೊಂಡು ಹೋಗುವ ದೋಣಿಗಳೂ ಇವೆ, ತಲೆಗೆ ಮೂವತ್ತು ನಲವತ್ತು ಯೂರೋ ಆಸುಪಾಸು. ನಾವು ಪ್ರೈವೇಟ್ ತಗೊಂಡಿದ್ದಕ್ಕೆ ಕಾರಣ ಆಯಿಯ ಮೊಣಕಾಲು. ಅರವತ್ತೆಂಟು ವಯಸ್ಸು, ಎಡ ಮೊಣಕಾಲು ನೋವು, ಹತ್ತು ಹದಿನೈದು ಅಪರಿಚಿತರ ನಡುವೆ ಜಾಗ ಹುಡುಕಿಕೊಂಡು ಕೂರುವುದು, ಮೇಲಿಂದ ಜೋರು ಮ್ಯೂಸಿಕ್, ಬೇಡಪ್ಪಾ ಅನಿಸಿತು. ನಾವು ನಾಲ್ಕು ಜನ, ದೋಣಿಯಲ್ಲಿ ಆರು ಜನರಿಗೆ ಅವಕಾಶ. ಹನ್ನೊಂದು ಮೀಟರ್ ಉದ್ದದ ಹಾಯಿದೋಣಿ, ಒಬ್ಬನೇ ಸ್ಕಿಪ್ಪರ್, ಅಂದರೆ ದೋಣಿ ನಡೆಸುವವನು.

ಕಂಪನಿ ಹೆಸರು ಹಾಕುವುದಿಲ್ಲ. ಯಾಕೆಂದರೆ ದೋಣಿ ನಡೆಸಿದವನು ಬಂಗಾರದಂಥ ಮನುಷ್ಯ, ಆಫೀಸಿನಲ್ಲಿ ಕೂತವರು ಅಷ್ಟಕ್ಕಷ್ಟೇ, ಇಬ್ಬರನ್ನೂ ಒಂದೇ ಹೆಸರಿನಡಿ ಬೈಯುವುದು ಸರಿ ಕಾಣಲ್ಲ.

ಆಫೀಸಿನವರ ಕಥೆ ಮೊದಲು ಮುಗಿಸುತ್ತೇನೆ. ಬುಕಿಂಗ್ ಕಾಗದದಲ್ಲಿ "ಬೆಲೆಮ್ ಡಾಕ್" ಅಂತ ಇತ್ತು (ಬೆಲೆಮ್ ಅಂದರೆ ಲಿಸ್ಬನ್‌ನ ನದಿ ದಡದ ಒಂದು ಬಡಾವಣೆ, ಡಾಕ್ ಅಂದರೆ ದೋಣಿ ಕಟ್ಟುವ ಜಾಗ). ನಾವು 15ನೇ ನಂಬರ್ ಟ್ರಾಮ್ ಹಿಡಿದು ಬೆಲೆಮ್‌ಗೆ ಹೋದೆವು. ಅಲ್ಲಿ ಟ್ರಾಮ್ ನಿಲ್ಲುವ ರಸ್ತೆಗೂ ನದಿಗೂ ನಡುವೆ ರೈಲು ಹಳಿ, ದೊಡ್ಡ ರಸ್ತೆ ಎರಡೂ ಅಡ್ಡ ಇವೆ. ಕೆಳಗಿನ ಸುರಂಗ ಹಿಡಿದು ಆಚೆ ಹೋಗಬೇಕು, ಮೆಟ್ಟಿಲು ಇಳಿದು ಮೆಟ್ಟಿಲು ಹತ್ತಬೇಕು. ಆಯಿ ಒಂದೊಂದೇ ಮೆಟ್ಟಿಲು ಇಳಿದಳು. ಡಾಕ್‌ಗೆ ಹೋಗಿ ನಿಂತರೆ ಫೋನಿಗೆ ಮೆಸೇಜ್: ದೋಣಿ ಇರುವುದು ಸಾಂತು ಅಮಾರು ಡಾಕ್‌ನಲ್ಲಿ, ದಯವಿಟ್ಟು ಅಲ್ಲಿಗೆ ಬನ್ನಿ, ಇಪ್ಪತ್ತೈದು ನಿಮಿಷ ಇದೆ. ಅದು ಎರಡು ಕಿಲೋಮೀಟರ್ ಮೇಲೆಯೇ, ಸೇತುವೆಯ ಬುಡದಲ್ಲಿ. ಮತ್ತೆ ಸುರಂಗ, ಮತ್ತೆ ಮೆಟ್ಟಿಲು, ಆಮೇಲೆ ಟ್ಯಾಕ್ಸಿ. ಫೋನ್ ಮಾಡಿದರೆ "ಹೌದು ಸರ್, ಕೆಲವು ಸಲ ಬದಲಾಗುತ್ತೆ" ಅಂತ ಅಷ್ಟೇ. ಬೆಳಿಗ್ಗೆಯೇ ಹೇಳಬಹುದಿತ್ತಲ್ವಾ? ಇಪ್ಪತ್ತು ನಿಮಿಷ ತಡವಾಗಿ ತಲುಪಿದೆವು. ನೀವು ಹೋಗುವುದಾದರೆ ಅವತ್ತು ಬೆಳಿಗ್ಗೆ ಒಂದು ಮೆಸೇಜ್ ಹಾಕಿ, ಯಾವ ಡಾಕ್, ಯಾವ ಗೇಟು ಅಂತ ಕೇಳಿ ಬರೆಸಿಕೊಳ್ಳಿ.

ಸಾಂತು ಅಮಾರು ಡಾಕ್‌ಗೆ ಕಾಲಿಟ್ಟ ಕೂಡಲೇ ತಲೆ ಮೇಲಿಂದ ಒಂದು ಸದ್ದು. ಗುಂಯ್ಯ್ ಅಂತ, ನಿಲ್ಲದೆ, ಹೆಜ್ಜೇನು ಎದ್ದ ಹಾಗೆ. ಆಯಿ ಸೆರಗು ತಲೆಗೆ ಎಳೆದುಕೊಂಡೇಬಿಟ್ಟಳು. ನೋಡಿದರೆ ಅದು ಸೇತುವೆ. ಏಪ್ರಿಲ್ 25 ಸೇತುವೆ ಅಂತ ಹೆಸರು. ಮೇಲಿನ ರಸ್ತೆಯಲ್ಲಿ ಒಂದಷ್ಟು ಭಾಗಕ್ಕೆ ಡಾಂಬರಿಲ್ಲ, ಕಬ್ಬಿಣದ ಜಾಲರಿ ಹಾಸಿದ್ದಾರೆ, ಅದರ ಮೇಲೆ ಟೈರು ಉರುಳುವಾಗ ಬರುವ ಸದ್ದು ಅದು. ಕೆಳಗಿನ ಅಂತಸ್ತಿನಲ್ಲಿ ರೈಲು, 1999ರಿಂದ. ರೈಲು ಬಂದಾಗ ಗುಂಯ್ಯ್ ಜೊತೆಗೆ ಗಡಗಡ ಸೇರುತ್ತದೆ. ಕೆಂಪು ಬಣ್ಣ, ತೂಗುಸೇತುವೆ, ಫೋಟೋ ಕಳಿಸಿದರೆ ನೆಂಟರೆಲ್ಲ ಸ್ಯಾನ್‌ಫ್ರಾನ್ಸಿಸ್ಕೋಗೆ ಯಾವಾಗ ಹೋದಿರಿ ಅಂತ ಕೇಳುತ್ತಾರೆ. 1966ರಲ್ಲಿ ತೆರೆದಾಗ ಸರ್ವಾಧಿಕಾರಿ ಸಾಲಾಜಾರ್ ಹೆಸರು ಇಟ್ಟಿದ್ದರಂತೆ, 1974ರ ಏಪ್ರಿಲ್ 25ಕ್ಕೆ ಆ ಆಡಳಿತ ಬಿದ್ದ ಮೇಲೆ ಆ ದಿನದ ಹೆಸರೇ ಬಂತು.

ಗೇಟಿನ ಹತ್ತಿರ ನಮ್ಮ ಸ್ಕಿಪ್ಪರ್ ಜೇಬು ತಡಕುತ್ತಾ ನಿಂತಿದ್ದ. ಡಾಕ್‌ನ ಪಕ್ಕದವನಿಗೆ ಕೂಗಿ ಏನೋ ಕೇಳಿದ, ಮಾತಿನ ನಡುವೆ "ಶಾವ್, ಶಾವ್" ಅಂತ ಬಂತು. ಆಯಿ ನನ್ನ ಕಿವಿಯಲ್ಲಿ, "ಚಾವಿ ಕಳಕಂಡಿದ್ದಾನೆ ಪಾಪ" ಅಂದಳು. ಸರಿಯಾಗಿಯೇ ಇತ್ತು! ಚಾವಿ ಅನ್ನುವ ಪದ ಅಲ್ಲಿಂದಲೇ ನಮ್ಮಲ್ಲಿಗೆ ಬಂದಿದ್ದು. ಬಟಾಟೆ, ಪಗಾರ, ಇಸ್ತ್ರಿ, ಪಾದ್ರಿ ಎಲ್ಲ ಅವರದ್ದೇ. ನಮ್ಮ ಕರಾವಳಿಯವರು ಪೋರ್ಚುಗಲ್‌ಗೆ ಹೋದರೆ ಒಂದು ಡಜನ್ ಪದ ಕಲಿತುಕೊಂಡೇ ಹೋದ ಹಾಗೆ. ಚಾವಿ ಆಮೇಲೆ ಅವನ ಶೂ ಪಕ್ಕದಲ್ಲೇ ಸಿಕ್ಕಿತು.

ಹತ್ತಿಸುವಾಗ ಅವನು ಮಾಡಿದ್ದು ನೋಡಿ ನನಗೆ ಸಮಾಧಾನ ಆಯಿತು. ಡಾಕ್‌ಗೂ ದೋಣಿಗೂ ನಡುವೆ ಒಂದು ಗೇಣು ಸಂದು, ದೋಣಿ ಬೇರೆ ಅಲುಗುತ್ತಿರುತ್ತದೆ. ಅವನು ಹಗ್ಗವನ್ನು ಮೊಣಕೈಗೆ ಸುತ್ತಿ ದೋಣಿಯನ್ನು ಒತ್ತಿ ಹಿಡಿದ, ಒಂದು ಕಾಲು ಡಾಕ್ ಮೇಲೆ, ಒಂದು ಕಾಲು ದೋಣಿ ಅಂಚಿನ ಮೇಲೆ. ಆಯಿ ಕೈ ಚಾಚಿದಳು, ಅವನು ಬೆರಳು ಹಿಡಿಯಲಿಲ್ಲ, ತನ್ನ ಮುಂಗೈ ಮುಂದೆ ಮಾಡಿದ. ಮುಂಗೈ ಹಿಡಿದರೆ ಬೆವರಿದರೂ ಜಾರಲ್ಲ. ಬಲಗಾಲು ಮೊದಲು ಅಂತ ಸನ್ನೆ. ಆಯಿಗೆ ಅದು ಶಾಸ್ತ್ರ ಅನಿಸಿತು, ಖುಷಿಯಾಗಿ ಬಲಗಾಲಿಟ್ಟಳು. ಅವನು ಹೇಳಿದ್ದು ಎಡ ಮೊಣಕಾಲು ನೋವು ಅಂತ ಬುಕ್ ಮಾಡುವಾಗ ನಾನು ಬರೆದಿದ್ದನ್ನು ಓದಿಕೊಂಡು. ಆಫೀಸಿನವರು ಓದದಿದ್ದದ್ದನ್ನು ಇವನು ಓದಿದ್ದ.

ಮಗಳಿಗೆ ಲೈಫ್ ಜಾಕೆಟ್, ಕಾಲಿನ ನಡುವಿನ ಪಟ್ಟಿಯನ್ನೂ ಬಿಗಿದ. ನಮಗೂ ತೋರಿಸಿದ, ಎಲ್ಲಿದೆ, ಹೇಗೆ ಹಾಕುವುದು ಅಂತ. ಮೇಲೆ ಅಡ್ಡಕ್ಕೆ ಹಾಯುವ ಉದ್ದ ಕೋಲಿಗೆ ಬೂಮ್ ಅಂತಾರೆ, ಹಾಯಿಯ ತಳ ಅದಕ್ಕೆ ಕಟ್ಟಿರುತ್ತದೆ, ದೋಣಿ ದಿಕ್ಕು ಬದಲಿಸುವಾಗ ಅದು ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. "ನಾನು ತಲೆ ಅಂದರೆ ಎಲ್ಲರೂ ತಲೆ ತಗ್ಗಿಸಬೇಕು" ಅಂದ. ಮಗಳು ಅವನಿಗೆ ಕನ್ನಡದಲ್ಲಿ "ತಲೆ" ಹೇಳಿಕೊಟ್ಟಳು. ಮುಂದಿನ ಎರಡು ಗಂಟೆ ತೇಜೊ ನದಿ ಮೇಲೆ ಒಬ್ಬ ಪೋರ್ಚುಗೀಸ್ "ತಲೇಏಏ" ಅಂತ ಕೂಗುತ್ತಿದ್ದ.

ಮೋಟರ್ ಹಾಕಿ ಡಾಕ್ ದಾಟಿದ ಮೇಲೆ ಹಾಯಿ ಏರಿಸಿದ. ಮೋಟರ್ ನಿಲ್ಲಿಸಿದ. ಈ ಒಂದು ಕ್ಷಣಕ್ಕೇ ಅರ್ಧ ದುಡ್ಡು ಕೊಟ್ಟುಬಿಡಬಹುದು. ಡೀಸೆಲ್ ಗುಟುಗುಟು ನಿಂತಿತು, ನೀರು ದೋಣಿ ಪಕ್ಕಕ್ಕೆ ಸವರಿಕೊಂಡು ಹೋಗುವ ಸದ್ದು ಮಾತ್ರ ಉಳಿಯಿತು, ಹಿಂದೆ ಸೇತುವೆಯ ಗುಂಯ್ಯ್ ಸಣ್ಣಗಾಗುತ್ತಾ ಹೋಯಿತು. ಮೊದಲು ಪೂರ್ವಕ್ಕೆ, ಅಂದರೆ ಹಳೇ ಊರಿನ ಕಡೆಗೆ. ಗಾಳಿ ಪಶ್ಚಿಮದಿಂದ, ಸಮುದ್ರದಿಂದ, ಬೆನ್ನ ಹಿಂದೆ. ಬೆನ್ನ ಹಿಂದಿನ ಗಾಳಿಯಲ್ಲಿ ಹೋಗುವಾಗ ಗಾಳಿಯೇ ಇಲ್ಲ ಅನಿಸುತ್ತದೆ, ದೋಣಿಯೂ ವಾಲುವುದಿಲ್ಲ. ಆಯಿ ಕಾಲು ಚಾಚಿ ಕೂತಳು.

ಎಡಕ್ಕೆ ಲಿಸ್ಬನ್. ಗುಡ್ಡದ ಮೇಲೆ ಗುಡ್ಡ, ಮನೆ ಮೇಲೆ ಮನೆ, ಎಲ್ಲಕ್ಕಿಂತ ಮೇಲೆ ಸಾವ್ ಜಾರ್ಜ್ ಕೋಟೆ. ಎರಡು ದಿನ ಆ ಏರು ಹತ್ತಿ ಇಳಿದು ಸುಸ್ತಾಗಿದ್ದವರಿಗೆ ಅದನ್ನು ಕೂತಲ್ಲಿಂದ ನೋಡುವ ಸುಖವೇ ಬೇರೆ. ಊರಿನೊಳಗೆ ಇದ್ದಾಗ ಓಣಿ ಮಾತ್ರ ಕಾಣುತ್ತದೆ. ಇಲ್ಲಿಂದ ಎಲ್ಲ ಒಟ್ಟಿಗೆ, ಸಂಜೆ ಬಿಸಿಲಲ್ಲಿ ಗೋಡೆಗಳೆಲ್ಲ ನಸುಗೆಂಪು. ಆಮೇಲೆ ವ್ಯಾಪಾರ ಚೌಕ, ಹಳದಿ ಕಮಾನುಗಳು ಮೂರು ಕಡೆ, ನಾಲ್ಕನೇ ಕಡೆ ನದಿ. ಅಲ್ಲಿ ಮೊದಲು ಅರಮನೆ ಇತ್ತು, 1755ರ ನವೆಂಬರ್ 1ರ ಭೂಕಂಪ ಮತ್ತೆ ಸುನಾಮಿಗೆ ಹೋಯಿತು. ಊರಿನವರು ಈಗಲೂ ಆ ಜಾಗಕ್ಕೆ "ಅರಮನೆ ಅಂಗಳ" ಅಂತಲೇ ಕರೆಯುತ್ತಾರೆ, ಅರಮನೆ ಹೋಗಿ ಇನ್ನೂರೈವತ್ತು ವರ್ಷದ ಮೇಲಾದರೂ. ಚೌಕದ ಮುಂದೆ ಕಲ್ಲಿನ ಮೆಟ್ಟಿಲು ನೇರ ನೀರಿಗೆ ಇಳಿಯುತ್ತದೆ, ಎರಡು ಕಂಬ ನಿಂತಿವೆ. ನೀರು ಇಳಿಯುವ ಹೊತ್ತು, ಕೆಳಗಿನ ಮೆಟ್ಟಿಲುಗಳೆಲ್ಲ ಹಸಿರು ಪಾಚಿ. "ಗೋಕರ್ಣದ ಕೋಟಿತೀರ್ಥ ಕಂಡ ಹಾಗೆ ಆತು" ಅಂದಳು ಆಯಿ. ಹೌದು, ಜಾರುವ ಲಕ್ಷಣದಲ್ಲಿ ಪಕ್ಕಾ ಅದೇ.

ಇಲ್ಲಿ ತಿಂಡಿ ತಟ್ಟೆ ಬಂತು. ಬುಕ್ ಮಾಡುವಾಗ ಎರಡು ಸಲ ಬರೆದಿದ್ದೆ, ಎಲ್ಲರೂ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಬೇಡ. ಆಫೀಸಿನವರು ಕಟ್ಟಿ ಕಳಿಸಿದ್ದ ಡಬ್ಬಿ ತೆರೆದರೆ ಮೇಲೆಯೇ ಹಂದಿಮಾಂಸದ ಹಾಳೆಗಳು, ಅದರ ಕೆಳಗೆ ಚೀಸು, ಅದಕ್ಕೆ ತಾಗಿಕೊಂಡು ಆಲಿವ್ ಕಾಯಿ, ಪಕ್ಕದಲ್ಲಿ ಮೊಟ್ಟೆ ಹಾಕಿ ಮಾಡುವ ಅವರ ಹೆಸರುವಾಸಿ ಕಸ್ಟರ್ಡ್ ಟಾರ್ಟ್. ತೆಗೆದಿಟ್ಟು ತಿನ್ನಿ ಅನ್ನುವ ಹಾಗೂ ಇಲ್ಲ, ಎಲ್ಲ ಒಂದಕ್ಕೊಂದು ತಾಗಿವೆ. ಸ್ಕಿಪ್ಪರ್ ಮುಖ ಸಣ್ಣದಾಯಿತು. ಅವನ ತಪ್ಪಲ್ಲ, ಡಬ್ಬಿ ಸೀಲ್ ಆಗಿಯೇ ಬಂದಿತ್ತು. ಕೊನೆಗೆ ಉಳಿದಿದ್ದು ನೀರು, ಕಿತ್ತಳೆ ಜ್ಯೂಸು, ಒಂದು ಬಾಟಲಿ ವೈನು. ವೈನು ನನ್ನ ಹೆಂಡತಿಗೂ ನನಗೂ ಪಾಲಿಗೆ ಬಂತು, ಅದರ ಬಗ್ಗೆ ದೂರಿಲ್ಲ.

ಆಯಿ ಏನೂ ಮಾತಾಡದೆ ಕೈಚೀಲ ತೆರೆದಳು. ಹಲಸಿನಕಾಯಿ ಚಿಪ್ಸು, ತೆಂಗಿನೆಣ್ಣೆಯಲ್ಲಿ ಕರಿದದ್ದು, ಊರಿಂದ ಬರುವಾಗ ತಂದದ್ದರಲ್ಲಿ ಕೊನೆಯ ಕಟ್ಟು. ಮೊದಲ ಹಿಡಿ ಸ್ಕಿಪ್ಪರ್‌ಗೆ. ಅವನು ಬಟಾಟಾ ಅಂದುಕೊಂಡು ಬಾಯಿಗೆ ಹಾಕಿದ, ನಿಧಾನಕ್ಕೆ ಅಗಿದ, ಇದು ಬಟಾಟಾ ಅಲ್ಲ ಅಂದ. ಚುಕ್ಕಾಣಿ ಒಂದು ಕೈಯಲ್ಲಿ, ಚಿಪ್ಸು ಒಂದು ಕೈಯಲ್ಲಿ. ಹಂದಿಮಾಂಸ ಅವನ ಮನೆಗೆ ಹೋಯಿತು, ಹಲಸು ಅವನ ಹೊಟ್ಟೆಗೆ, ಒಟ್ಟಾರೆ ಅವತ್ತು ಲಾಭ ಆದದ್ದು ಅವನಿಗೇ.

ವಾಪಸ್ ತಿರುಗಿದ ಮೇಲೆ ಆಟ ಬದಲಾಯಿತು. ಈಗ ಗಾಳಿ ಎದುರು, ನೀರು ಮಾತ್ರ ನಮ್ಮ ಜೊತೆಗೆ ಸಮುದ್ರದ ಕಡೆ ಇಳಿಯುತ್ತಿದೆ. ಕರಾವಳಿಯವರಿಗೆ ಗೊತ್ತಿರುತ್ತದೆ, ಇಳಿತದ ನೀರಿಗೆ ಎದುರು ಗಾಳಿ ಬಂದರೆ ಅಲೆ ಮೋಟು ಮೋಟಾಗಿ ಏಳುತ್ತವೆ. ದೋಣಿ ಒಂದು ಕಡೆ ವಾಲಿತು. ಚೆನ್ನಾಗಿಯೇ ವಾಲಿತು, ತಗ್ಗಿನ ಬದಿಯ ಅಂಚು ನೀರಿಗೆ ತಾಗುವಷ್ಟು ಹತ್ತಿರ. ಆಯಿ ಎರಡೂ ಕೈಯಲ್ಲಿ ಕಂಬಿ ಹಿಡಿದಳು. "ಮಾಣಿ, ಇದು ಮಗುಚೂದಿಲ್ಲ ಅಲ್ದಾ?" ನಾನು ಸ್ಕಿಪ್ಪರ್‌ಗೆ ಅದನ್ನೇ ಕೇಳಿದೆ. ಅವನು ಕೆಳಗೆ ತೋರಿಸಿದ. ದೋಣಿಯ ಹೊಟ್ಟೆಯ ಕೆಳಗೆ ನೀರಿನೊಳಗೆ ಭಾರದ ರೆಕ್ಕೆ ಇರುತ್ತದೆ, ದೋಣಿ ವಾಲಿದಷ್ಟೂ ಅದು ಎಳೆದು ನೆಟ್ಟಗೆ ಮಾಡುತ್ತದೆ. ತೂಗುತೊಟ್ಟಿಲ ಹಾಗೆ ಅಲ್ಲ, ತಳಕ್ಕೆ ಮಣ್ಣು ತುಂಬಿದ ಗೊಂಬೆ ಇರುತ್ತಲ್ಲ, ತಳ್ಳಿದರೆ ಮತ್ತೆ ಎದ್ದು ನಿಲ್ಲುವುದು, ಆ ಥರ. ಇಷ್ಟು ಹೇಳಿ ಹಾಯಿಯನ್ನು ಸ್ವಲ್ಪ ಸಡಿಲ ಬಿಟ್ಟ. ವಾಲುವುದು ಕಡಿಮೆ ಆಯಿತು, ವೇಗವೂ ಕಡಿಮೆ ಆಯಿತು. "ಅಜ್ಜಿಗಾಗಿ" ಅಂದ. ಹಂಚಿಕೊಳ್ಳುವ ದೋಣಿಯಲ್ಲಿ ಒಬ್ಬರಿಗಾಗಿ ಹೀಗೆ ಮಾಡುವುದು ಕಷ್ಟ. ಪ್ರೈವೇಟ್‌ಗೆ ಕೊಟ್ಟ ದುಡ್ಡು ನನ್ನ ಮಟ್ಟಿಗೆ ವಸೂಲಾದದ್ದು ಇಲ್ಲಿ.

ಎದುರು ಗಾಳಿಗೆ ನೇರ ಹೋಗಲು ಬರುವುದಿಲ್ಲ, ಆ ದಡ ಈ ದಡ ಅಂತ ಅಡ್ಡಡ್ಡ ಹೊಲಿಗೆ ಹಾಕಿದ ಹಾಗೆ ಹೋಗಬೇಕು. ತಲೇಏಏ, ಬೂಮ್ ಬೀಸುತ್ತದೆ, ಎಲ್ಲರೂ ಆ ಬದಿಯಿಂದ ಈ ಬದಿಗೆ. ಆಯಿ ಮಾತ್ರ ಹಿಂದೆ ಚುಕ್ಕಾಣಿ ಪಕ್ಕದಲ್ಲೇ ಕೂತಳು, ಅಲ್ಲಿ ಬದಲಿಸುವ ಅಗತ್ಯ ಇಲ್ಲ. ಮಗಳಿಗೆ ಹತ್ತು ನಿಮಿಷ ಚುಕ್ಕಾಣಿ ಸಿಕ್ಕಿತು. ಅವಳ ಮುಖ ನೋಡಬೇಕಿತ್ತು.

ಸೇತುವೆ ಕೆಳಗೆ ಬಂದಾಗ ಏಳು ಗಂಟೆ ಹತ್ತು ನಿಮಿಷ. ಮೇಲೆ ನೋಡಿದರೆ ಎಪ್ಪತ್ತು ಮೀಟರ್ ಎತ್ತರದಲ್ಲಿ ಕಾರುಗಳ ಗುಂಯ್ಯ್, ಎಡಕ್ಕೆ ಆಚೆ ದಡದಲ್ಲಿ ಕೈ ಚಾಚಿ ನಿಂತ ಕ್ರಿಸ್ತನ ಪ್ರತಿಮೆ. ಎರಡನೇ ಮಹಾಯುದ್ಧದಿಂದ ಪೋರ್ಚುಗಲ್ ಪಾರಾದರೆ ಕಟ್ಟುತ್ತೇವೆ ಅಂತ ಹರಕೆ ಹೊತ್ತು, ಪಾರಾಗಿ, 1959ರಲ್ಲಿ ಕಟ್ಟಿ ಮುಗಿಸಿದ್ದು. ಹರಕೆ ಅಂದ ಕೂಡಲೇ ಆಯಿಗೆ ಅರ್ಥವಾಯಿತು, ಕೈ ಮುಗಿದಳು.

ಸೂರ್ಯ ಇಳಿದದ್ದು ಸೇತುವೆ ದಾಟಿದ ಮೇಲೆ. ಇಲ್ಲಿ ಒಂದು ಮಾತು, ಯಾವ ವೆಬ್‌ಸೈಟೂ ಸರಿಯಾಗಿ ಹೇಳುವುದಿಲ್ಲ. ಜೂನ್ ಜುಲೈನಲ್ಲಿ ಸೂರ್ಯ ಬಹಳ ಉತ್ತರಕ್ಕೆ ಸರಿದಿರುತ್ತಾನೆ, ದೋಣಿಯಿಂದ ನೋಡಿದರೆ ಬಲಗಡೆ ಊರಿನ ಗುಡ್ಡದ ಹಿಂದೆ ಮುಳುಗುತ್ತಾನೆ, ಅದೂ ಒಂಬತ್ತು ಗಂಟೆಗೆ. ನದಿ ಬಾಯಿಯ ಕಡೆ, ನೀರಿನ ಹತ್ತಿರ ಮುಳುಗುವುದು ಬೇಕಿದ್ದರೆ ಅಕ್ಟೋಬರ್ ಮೇಲೆ ಹೋಗಿ. ಬೇಸಿಗೆಯ ಮಧ್ಯಾಹ್ನ ಉತ್ತರದ ಗಾಳಿ ಬೇರೆ ಜೋರು ಬೀಸುತ್ತದೆ, ಅದಕ್ಕೆ ಅವರು "ನೊರ್ತಾದ" ಅನ್ನುತ್ತಾರೆ, ವಯಸ್ಸಾದವರಿದ್ದರೆ ಯೋಚಿಸಿ. ಅಕ್ಟೋಬರ್‌ನಲ್ಲೂ ಸೂರ್ಯ ಹೋದ ಮರುಕ್ಷಣ ಚಳಿ. ದೋಣಿಯಲ್ಲಿ ಕಂಬಳಿ ಕೊಡುತ್ತಾರೆ, ಒದ್ದೆ ಮುಗ್ಗಲು ವಾಸನೆ. ನಿಮ್ಮ ಜಾಕೆಟ್ ನೀವೇ ಒಯ್ಯಿರಿ. ಟಾಯ್ಲೆಟ್ ಇದೆ, ಕೆಳಗೆ, ಕಪಾಟಿನಷ್ಟು ಜಾಗ, ಕೈಪಂಪು ಹೊಡೆದು ನೀರು ಬಿಡಬೇಕು. ಮೊಣಕಾಲು ನೋವಿನವರು ಡಾಕ್‌ನಲ್ಲೇ ಮುಗಿಸಿಕೊಂಡು ಹತ್ತುವುದು ಒಳ್ಳೆಯದು.

ಕತ್ತಲಾಗುವ ಹೊತ್ತಿಗೆ ಮೋಟರ್ ಹಾಕಿ ಬೆಲೆಮ್‌ವರೆಗೆ ಕರೆದುಕೊಂಡು ಹೋದ. ದೀಪ ಹತ್ತಿದ್ದವು. ಸಮುದ್ರಯಾನಿಗಳ ಸ್ಮಾರಕ, ಹಡಗಿನ ಮೂತಿಯ ಆಕಾರ, 1960ರದ್ದು, ಹಡಗಿನ ಅಂಚಿನಲ್ಲಿ ಸಾಲಾಗಿ ನಿಂತವರಲ್ಲಿ ವಾಸ್ಕೋ ಡ ಗಾಮನೂ ಒಬ್ಬ. ಅವನು 1497ರ ಜುಲೈನಲ್ಲಿ ಹೊರಟದ್ದು ಇದೇ ದಡದಿಂದ. ಮರುವರ್ಷ ವಾಪಸ್ ಬರುವ ಮುಂಚೆ ಹಡಗು ರಿಪೇರಿಗೆ ನಿಂತದ್ದು ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ. ಹಿಂದೆ ಬಿಳಿ ಕಲ್ಲಿನ ಉದ್ದನೆಯ ಜೆರೋನಿಮೊಸ್ ಮಠ, ಅವನ ಸಮಾಧಿ ಅದರೊಳಗೇ ಇದೆ. ಮಠ ಕಟ್ಟಲು ಖರ್ಚಿನ ದೊಡ್ಡ ಪಾಲು ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಸುಮಾರು ನೂರಕ್ಕೆ ಐದರ ತೆರಿಗೆಯಿಂದ. ಆ ತೆರಿಗೆಯ ಹೆಸರೇ "ಮೆಣಸಿನ ಇಪ್ಪತ್ತನೇ ಪಾಲು", ಅಂದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೆಳೆಯುವ ಕಾಳುಮೆಣಸಿನ ಹೆಸರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರೇ "ಮೆಣಸಿನ ರಾಣಿ" ಅಂತ ಕರೆದದ್ದು. ಅವಳ ಮಿರ್ಜಾನ್ ಕೋಟೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಮೆಣಸು ತಂದರು ಸರಿ, ಯಾರ ಮೇಲೆ ತುಪಾಕಿ ಹಿಡಿದು ತಂದರು ಅನ್ನುವುದು ಆ ಸ್ಮಾರಕದ ಕಲ್ಲಿನಲ್ಲಿ ಕಾಣಲಿಲ್ಲ.

ಇದನ್ನೆಲ್ಲ ಆಯಿಗೆ ಹೇಳಿದೆ. ಅವಳು ಮಠವನ್ನು ಎರಡು ನಿಮಿಷ ನೋಡಿದಳು. "ನಮ್ಮ ಮೆಣಸೇ?" "ಹೆಸರಂತೂ ಅದರದ್ದೇ." "ಆಗ ಕ್ವಿಂಟಾಲಿಗೆ ಎಷ್ಟು ಕೊಡ್ತಿದ್ದರೋ ಏನೋ."

ಕೊನೆಗೆ ಬೆಲೆಮ್ ಗೋಪುರ. ಅದರ ಒಂದು ಮೂಲೆಯ ಬುರುಜಿನ ಕೆಳಗೆ ಘೇಂಡಾಮೃಗದ ಕೆತ್ತನೆ ಇದೆ, 1515ರಲ್ಲಿ ಹಿಂದೂಸ್ತಾನದಿಂದ ಹಡಗಿನಲ್ಲಿ ಬಂದ ನಿಜವಾದ ಘೇಂಡಾಮೃಗದ ನೆನಪಿಗೆ ಅಂತಾರೆ. ಮಳೆ ಗಾಳಿಗೆ ಸವೆದು ಮೂತಿ ಮೊಂಡಾಗಿದೆ. ಸ್ಕಿಪ್ಪರ್ ಟಾರ್ಚ್ ಬಿಟ್ಟು ತೋರಿಸಿದ, ಮಗಳು ಹಂದಿ ಅಂದಳು.

ಡಾಕ್‌ಗೆ ವಾಪಸ್ ಮುಟ್ಟಿದಾಗ ಎಂಟಾಗಿತ್ತು. ನಾವು ತಡವಾಗಿ ಬಂದ ಇಪ್ಪತ್ತು ನಿಮಿಷವನ್ನೂ, ಮೇಲೆ ಒಂದಷ್ಟನ್ನೂ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಟಿಪ್ಸ್ ಇಪ್ಪತ್ತು ಯೂರೋ ಕೊಟ್ಟೆ, ಉಳಿದ ಚಿಪ್ಸ್ ಕಟ್ಟನ್ನು ಆಯಿ ಕೊಟ್ಟಳು, ಅವನು ಮೊದಲು ತಗೊಂಡದ್ದು ಚಿಪ್ಸು.

ಹೋಗಬೇಕಾ ಅಂತ ಕೇಳಿದರೆ, ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ, ಅಥವಾ ಜೊತೆಗೆ ವಯಸ್ಸಾದವರು, ಮಕ್ಕಳು ಇದ್ದರೆ ಪ್ರೈವೇಟ್ ತಗೊಳ್ಳಿ. ಇಬ್ಬರೇ ಇದ್ದರೆ ಹಂಚಿಕೊಳ್ಳುವ ದೋಣಿ ಸಾಕು. ದುಡ್ಡು ಉಳಿಸಬೇಕು ಅಂದರೆ ಕೈಸ್ ದು ಸೊದ್ರೆಯಿಂದ ಆಚೆ ದಡದ ಕಸಿಲ್ಯಾಸ್‌ಗೆ ಊರಿನವರು ದಿನಾ ಓಡಾಡುವ ಫೆರ್ರಿ ಇದೆ, ಒಂದೆರಡು ಯೂರೋ ಅಷ್ಟೇ, ಸಂಜೆ ಹೊತ್ತು ಹೋಗಿ ಬಂದರೆ ಅದೇ ನದಿ, ಅದೇ ಬೆಳಕು. ನಮ್ಮ ತದಡಿ ಬಾರ್ಜಿನಲ್ಲಿ ಅಘನಾಶಿನಿ ದಾಟಿದ ಹಾಗೆ. ಹಾಯಿ ಇರುವುದಿಲ್ಲ, ಮೋಟರ್ ನಿಂತಾಗಿನ ಆ ಸದ್ದು ಸಿಗುವುದಿಲ್ಲ, ಅಷ್ಟೇ ವ್ಯತ್ಯಾಸ. ತಿಂಡಿ ಮಾತ್ರ ಯಾವುದಕ್ಕೆ ಹೋದರೂ ನೀವೇ ಕಟ್ಟಿಕೊಂಡು ಹೋಗಿ.

ಹಂದಿಮಾಂಸದ ಡಬ್ಬಿ ಬಗ್ಗೆ ಆಫೀಸಿಗೆ ಫೋಟೋ ಸಮೇತ ಮೇಲ್ ಹಾಕಿದ್ದೆ. ಒಂಬತ್ತು ದಿನದ ಮೇಲೆ ಉತ್ತರ ಬಂತು. ಕ್ಷಮೆ ಕೇಳಿದ್ದಾರೆ, ಮುಂದಿನ ಸಲಕ್ಕೆ ಹತ್ತು ಪರ್ಸೆಂಟ್ ರಿಯಾಯಿತಿ ಕೊಡುತ್ತಾರಂತೆ. ಆಯಿಗೆ ಓದಿ ಹೇಳಿದೆ. "ಹತ್ತು ಪರ್ಸೆಂಟ್ ಅಂದರೆ ಎಷ್ಟಾತು?" ಅಂದಳು. ನಾನು ಏನೂ ಯೋಚಿಸದೆ "ಇಪ್ಪತ್ನಾಲ್ಕು ಯೂರೋ" ಅಂದುಬಿಟ್ಟೆ.